ವೈರಕ್ಕ

ಬಂದರಿನಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಬೋಟುಗಳಿಗೆ ವೈರಿಂಗ್ ಮಾಡುವ ಅಕ್ಕ, ಆದ್ದರಿಂದ ವೈರ್ ಅಕ್ಕ. ಕೂಗುವ ಅವಸರದಲ್ಲಿ ಎರಡೂ ಕೂಡಿಕೊಂಡು ವೈರಕ್ಕ ಆಗಿಹೋಗಿತ್ತು. "ವೈರ ಹೆಸರಲ್ಲಿ ಮಾತ್ರ ಇದೆ. ಮನಸ್ಸಲ್ಲೂ ಇದ್ದಿದ್ರೆ ನಾನು ಇಷ್ಟು ವರ್ಷ ಬಾಳ್ತಿದ್ನಾ?" ಎಂದು ಅವಳ ಗಂಡ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದ. ಅವನು ಬೋಟ್ ರಿಪೇರಿ ಯಾರ್ಡಿನಲ್ಲಿ ವೆಲ್ಡರ್. ಕಣ್ಣು ಸದಾ ಕೆಂಪು, ಮಾತು ಸದಾ ತಣ್ಣಗೆ.

ವೈರಕ್ಕ ತಣ್ಣನೆಯ ಹೆಂಗಸಲ್ಲ. ಕೆಲಸ ಗೊತ್ತಿತ್ತು, ಗೊತ್ತಿದೆ ಎನ್ನುವ ಜಂಬವೂ ಇತ್ತು. ಚುಕ್ಕಾಣಿ ಕೋಣೆಯ ಮೇಜಿನ ಕೆಳಗೆ ಅಂಗಾತ ಮಲಗಿ, ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕೆಲಸ ಮಾಡುವಾಗ ಹೊರಗೆ ಕಾಣುತ್ತಿದ್ದುದು ಅವಳ ಕಾಲು ಮಾತ್ರ. ಬೋಟಿನ ಯಜಮಾನರು ಆ ಕಾಲುಗಳ ಮುಂದೆ ಕೈಕಟ್ಟಿ ನಿಂತು ತಮ್ಮ ಕಷ್ಟ ಹೇಳಿಕೊಳ್ಳುತ್ತಿದ್ದರು. ಒಳಗಿನಿಂದ ಟಾರ್ಚು ಕಚ್ಚಿದ ಬಾಯಿಯ ಬೈಗುಳ ಅರ್ಧಂಬರ್ಧ ಕೇಳಿಸುತ್ತಿತ್ತು. ಬಂದರಿನ ಅರ್ಧ ಜನ ಅವಳ ಮುಖಕ್ಕಿಂತ ಅಂಗಾಲನ್ನೇ ಹೆಚ್ಚು ನೋಡಿದ್ದರು.

ಈ ವಿದ್ಯೆ ಅವಳಿಗೆ ಅಪ್ಪನ ಬೋಟಿನಲ್ಲೇ ಹತ್ತಿದ್ದು. ಅಪ್ಪ ಯಂತ್ರ ಬಿಚ್ಚಿ ಕೂತರೆ ಬೆಳಕು ಹಿಡಿಯುತ್ತಿದ್ದವಳು ಮಗಳು. ತಮ್ಮನಿಗೆ ಆಗ ಗಾಳಿಪಟದ ಹುಚ್ಚು. ಅಪ್ಪ ಕಣ್ಣು ಮುಚ್ಚಿದ ಮೇಲೆ ಬೋಟು ತಮ್ಮನದಾಯಿತು, ಅಪ್ಪನ ಟೂಲ್ ಬಾಕ್ಸ್ ಅವಳದಾಯಿತು. ಹೀಗೇಕೆ ಎಂದು ಯಾರೂ ಕೇಳಲಿಲ್ಲ, ಅವಳೂ ಕೇಳಲಿಲ್ಲ. ಬೋಟಿನ ಜೊತೆ ಹಗ್ಗದಜ್ಜನೂ ತಮ್ಮನ ಪಾಲಿಗೆ ಬಂದ. ಅವನು ಅಪ್ಪನ ಕಾಲದ ಕೆಲಸಗಾರ, ಹಗ್ಗ ಹೆಣೆಯುವುದರಲ್ಲಿ ಅವನನ್ನು ಬಿಟ್ಟರಿಲ್ಲ. ವೈರಕ್ಕ ಎಳೆಯ ಮಗುವಾಗಿದ್ದಾಗ ಅವಳು ನೀರಿಗೆ ಬೀಳದಂತೆ ಸೊಂಟಕ್ಕೆ ಹಗ್ಗ ಕಟ್ಟಿ, ಅದರ ತುದಿಯನ್ನು ತನ್ನ ಕಾಲಿಗೆ ಸುತ್ತಿಕೊಂಡು ಕೆಲಸ ಮಾಡುತ್ತಿದ್ದವನು. ಅವಳನ್ನು "ಮಗಳೇ" ಎಂದೇ ಕರೆಯುತ್ತಿದ್ದ.

ಹಳೆಯ ಯಂತ್ರಕ್ಕೂ ಹೊಸ ಯಂತ್ರಕ್ಕೂ ಹೊಂದಿಸಿಕೊಡುವುದು ವೈರಕ್ಕನ ವಿಶೇಷ. ಯಾವ ಬೋಟಿನವರೂ ಎಲ್ಲವನ್ನೂ ಒಮ್ಮೆಲೇ ಹೊಸದಾಗಿ ಕೊಳ್ಳುವುದಿಲ್ಲ. ಈ ವರ್ಷ ದಾರಿ, ಆಳ ಎಲ್ಲ ತೋರಿಸುವ ಒಂದು ದೊಡ್ಡ ಸ್ಕ್ರೀನು, ಮುಂದೆ ಯಾವಾಗಲೋ ಇನ್ನೊಂದು. ಹಳೆಯ ಯಂತ್ರಗಳದು ಒಂದು ರೀತಿ: ಎರಡು ತಂತಿಯಲ್ಲಿ ಒಂದೇ ಯಂತ್ರ ಮಾತಾಡುತ್ತದೆ, ಉಳಿದವು ಕೇಳಿಸಿಕೊಳ್ಳುತ್ತವೆ, ಅದೂ ನಿಧಾನವಾಗಿ. ಹೊಸವು ಹಾಗಲ್ಲ. ಬೋಟಿನ ಉದ್ದಕ್ಕೂ ಒಂದೇ ಕೇಬಲ್ ಹೋಗಿರುತ್ತದೆ, ಎಲ್ಲ ಯಂತ್ರಗಳೂ ಅದಕ್ಕೆ ಜೋತುಬಿದ್ದು ಒಂದೇ ಸಮನೆ ಹರಟುತ್ತವೆ. ಇವೆರಡನ್ನೂ ನೇರವಾಗಿ ಕಟ್ಟಿದರೆ ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎನ್ನುವ ಹಾಗೆ. ನಡುವೆ ಅಂಗೈಯಗಲದ ಒಂದು ಕನ್ವರ್ಟರ್ ಪೆಟ್ಟಿಗೆ ಬೇಕು. ಯಾವುದನ್ನು ಆ ಕಡೆ ಬಿಡಬೇಕು, ಯಾವುದನ್ನು ಬಿಡಬಾರದು ಎಂದು ಆ ಪೆಟ್ಟಿಗೆಗೆ ಹೇಳಿಕೊಡಬೇಕು. ವೈರಕ್ಕನ ಜಾಣತನವೆಲ್ಲ ಇದ್ದದ್ದು ಆ "ಬಿಡಬಾರದು" ಎನ್ನುವುದರಲ್ಲಿ.

ತಮ್ಮನ ಬೋಟಿಗೆ ಹೊಸ ಸ್ಕ್ರೀನು, ತಾನೇ ಚುಕ್ಕಾಣಿ ತಿರುಗಿಸುವ ಆಟೋಪೈಲಟ್ ಬಂದದ್ದು ಅವನ ಭಾವಮೈದನ ಒತ್ತಾಯದಿಂದ. ಹೆಂಡತಿಯ ತಮ್ಮ, ಹೊಸದಾಗಿ ಬೋಟಿನ ಪಾಲುದಾರ. ನೀರು ಕುಡಿದಷ್ಟು ಸಲೀಸಾಗಿ ಮಾತಾಡುವವನು. ಫೋನು ಅವನ ಕೈ ಬಿಟ್ಟು ಇಳಿದದ್ದನ್ನು ಯಾರೂ ಕಂಡಿರಲಿಲ್ಲ. ಅಪ್ಪ ಹಾಕಿದ್ದ ಆಳ ಅಳೆಯುವ ಯಂತ್ರ, ಹಳೆಯ ಎಲೆಕ್ಟ್ರಾನಿಕ್ ಕಂಪಾಸು ಎರಡೂ ಇನ್ನೂ ಗಟ್ಟಿಮುಟ್ಟಾಗಿದ್ದವು. ಅವನ್ನೇ ಹೊಸದಕ್ಕೆ ಜೋಡಿಸಿಕೊಡು ಎಂದು ತಮ್ಮ ಅಕ್ಕನನ್ನು ಕರೆದ. ಅವಳು ಒಂದು ವಾರ ಆ ಮೇಜಿನ ಕೆಳಗೇ ಇದ್ದಳು. ಕೊನೆಗೆ ಎದ್ದು ಬಂದು, ಕೈ ಒರೆಸಿಕೊಳ್ಳುತ್ತಾ ಹೇಳಿದಳು.

"ಆಳ ಹೊಸ ಸ್ಕ್ರೀನಲ್ಲಿ ಬರುತ್ತೆ, ವೇಗನೂ ಬರುತ್ತೆ. ಆದ್ರೆ ದಿಕ್ಕನ್ನ ನಾನು ಬಿಟ್ಟಿಲ್ಲ. ಹಳೇ ಕಂಪಾಸು ನಿಧಾನ. ಅದು ಒಂದ್ಸಲ ದಿಕ್ಕು ಹೇಳೋದ್ರೊಳಗೆ ಆಟೋಪೈಲಟ್ ಹತ್ತು ಸಲ ಕೇಳಿರುತ್ತೆ. ನೀರು ಸುಮ್ಮನಿದ್ದಾಗ ಏನೂ ಗೊತ್ತಾಗಲ್ಲ. ಹಿಂದಿಂದ ಅಲೆ ದೂಡ್ತು ಅನ್ಕೋ, ಬೋಟು ಕುಡುಕನ ಹಾಗೆ ತಿರುಗುತ್ತೆ. ಆಟೋಪೈಲಟ್ ಬೇಕಿದ್ರೆ ಹೊಸ ಕಂಪಾಸು ತಗೋ. ಅಲ್ಲಿವರೆಗೂ ಅದನ್ನ ಮುಟ್ಟಬೇಡಿ."

"ಮುಟ್ಟಲ್ಲಕ್ಕ," ಎಂದ ತಮ್ಮ.

"ನೀನು ಮುಟ್ಟಲ್ಲ, ನನಗೆ ಗೊತ್ತು," ಎಂದು ಅವಳು ಭಾವಮೈದನ ಕಡೆ ನೋಡಿದಳು.

"ಅಯ್ಯೋ ಅಕ್ಕ, ನನಗೆ ಅದೆಲ್ಲ ಎಲ್ಲಿ ಗೊತ್ತಾಗುತ್ತೆ," ಎಂದು ಅವನು ನಕ್ಕ.

ಆದರೆ ಆ ಕನ್ವರ್ಟರ್ ಪೆಟ್ಟಿಗೆಯನ್ನು ಫೋನಿನಿಂದಲೇ ತೆರೆಯಬಹುದು ಎನ್ನುವುದು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು. ಸ್ವಲ್ಪ ದಿನ ಬಿಟ್ಟು ದಿಕ್ಕಿನ ಸಂಪರ್ಕವನ್ನು ಅವನು ಆನ್ ಮಾಡಿದ. ತಮ್ಮನೆದುರೇ ಮಾಡಿದ. ಶಾಂತ ನೀರಿನಲ್ಲಿ ಆಟೋಪೈಲಟ್ ಗೆರೆ ಎಳೆದ ಹಾಗೆ ಹೋಯಿತು. "ನೋಡಿದ್ರಾ ಭಾವ, ಅಕ್ಕ ಸುಮ್ಮನೆ ಹೆದರಿಸ್ತಾರೆ" ಎಂದ. ತಮ್ಮ ಬೇಡ ಅನ್ನಲಿಲ್ಲ. ಆ ದಿನ ಮನೆಗೆ ಬಂದು ಊಟಕ್ಕೆ ಕೂತಾಗ ಅದನ್ನು ದೊಡ್ಡ ಸಾಹಸದಂತೆ ಅಮ್ಮನಿಗೂ ಹೇಳಿದ. ಅಕ್ಕನಿಗೆ ಮಾತ್ರ ಹೇಳಲಿಲ್ಲ.

ಅನಾಹುತ ಆದದ್ದು ಹಾಡಹಗಲಿನಲ್ಲಿ, ಬಂದರಿನ ಬಾಯಲ್ಲೇ. ಗಾಳಿ ಎದ್ದಿತ್ತು, ಅಲೆ ಹಿಂದಿನಿಂದ ದೂಡುತ್ತಿತ್ತು. ಎಂಜಿನ್ನಿನ ಸದ್ದು ಯಾಕೋ ಬೇರೆಯಾಗಿದೆ ಎಂದು ತಮ್ಮ ಕೆಳಗಿಳಿದು ಹೋಗಿದ್ದ. ಮೇಲೆ ಭಾವಮೈದ, ಚುಕ್ಕಾಣಿ ಬಿಟ್ಟು ಆಟೋಪೈಲಟ್ ಹಾಕಿಕೊಂಡು, ಒಳಗೆ ಬರುವುದರ ವೀಡಿಯೋ ತೆಗೆಯುತ್ತಿದ್ದ. ಒಂದು ದೊಡ್ಡ ಅಲೆ ಬೋಟಿನ ಹಿಂಭಾಗವನ್ನು ಎತ್ತಿ ಪಕ್ಕಕ್ಕೆ ಒಗೆಯಿತು. ಯಂತ್ರ ತಡವಾಗಿ ತಿರುಗಿಸಿತು, ಆಮೇಲೆ ಅತಿಯಾಗಿ ತಿರುಗಿಸಿತು. ಬೋಟು ನೇರವಾಗಿ ಕಲ್ಲಿನ ತಡೆಗೋಡೆಯ ಕಡೆ ಹೊರಳಿತು. ಯಾವ ಬಟನ್ ಒತ್ತಿದರೆ ಆಟೋಪೈಲಟ್ ಬಿಡುತ್ತದೆ ಎಂದು ಭಾವಮೈದನಿಗೆ ಹೊಳೆಯಲಿಲ್ಲ. ಹಗ್ಗದಜ್ಜ ಮಾತ್ರ, ಅಭ್ಯಾಸಬಲದಿಂದ, ಹಳೆಯ ಟಯರೊಂದನ್ನು ಎಳೆದುಕೊಂಡು ಬೋಟಿಗೂ ಕಲ್ಲಿಗೂ ನಡುವೆ ಇಡಲು ಓಡಿದ. ಟಯರು ಸರಿಯಾದ ಜಾಗದಲ್ಲೇ ಕೂತಿತು. ಅವನ ಬಲಗೈಯೂ ಅದರ ಜೊತೆ ಅಲ್ಲೇ ಸಿಕ್ಕಿಕೊಂಡಿತು.

ಕೈಯನ್ನು ಮಣಿಕಟ್ಟಿನ ಮೇಲೆ ಕತ್ತರಿಸಬೇಕಾಯಿತು. ಬೋಟಿನ ಪಕ್ಕ ಒಡೆದು ನೀರು ನುಗ್ಗಿತ್ತು. ಕನ್ವರ್ಟರ್ ಪೆಟ್ಟಿಗೆ ಉಪ್ಪುನೀರಲ್ಲಿ ನೆಂದು ಸುಟ್ಟುಹೋಗಿತ್ತು. ಅದರೊಳಗೆ ಏನು ಬರೆದಿತ್ತು ಎಂದು ಇನ್ನು ಯಾರೂ ಓದುವಂತಿರಲಿಲ್ಲ.

ವಿಷಯ ತಿಳಿದು ವೈರಕ್ಕ ತಮ್ಮನ ಮನೆಗೆ ಓಡಿದಳು. ಅಡುಗೆಮನೆಯಲ್ಲಿ ಅಮ್ಮ ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. ತಮ್ಮ ಬಾಗಿಲಿಗೆ ಒರಗಿ ನಿಂತಿದ್ದ. ಅವನ ಅಂಗಿಯ ತೋಳಿನಲ್ಲಿ ಅಜ್ಜನ ರಕ್ತ ಇನ್ನೂ ಇತ್ತು.

"ದಿಕ್ಕು ಆನ್ ಮಾಡಿದ್ದು ಯಾರು?" ಎಂದಳು ಅವಳು.

ತಮ್ಮ ಮುಚ್ಚಿಡಲಿಲ್ಲ. ಎಲ್ಲವನ್ನೂ ಹೇಳಿದ, ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ಬಂದರು ಕಚೇರಿಯವರು ವಿಚಾರಣೆಗೆ ಕರೆದಿದ್ದಾರೆ. ಬೇಡ ಅಂದಿದ್ದನ್ನು ಗೊತ್ತಿದ್ದೂ ಹಾಕಿಕೊಂಡೆವು ಅಂತ ಒಪ್ಪಿಕೊಂಡರೆ ಅವನ ಲೈಸೆನ್ಸ್ ಹೋಗುತ್ತದೆ, ಭಾವಮೈದ ಜೈಲಿಗೂ ಹೋಗಬಹುದು.

"ಮಾಡಿದ್ದುಣ್ಣೋ ಮಹಾರಾಯ," ಎಂದಳು ವೈರಕ್ಕ.

ಆಗ ಅಮ್ಮ ಬಾಯಿ ತೆಗೆದಳು. ಕೈ ನಾರು ತೆಗೆಯುವುದನ್ನು ನಿಲ್ಲಿಸಲಿಲ್ಲ. "ವೈರಿಂಗಲ್ಲಿ ತಪ್ಪಾಗಿತ್ತು ಅಂದ್ಬಿಡೇ. ಅವರಿಗೂ ಅಷ್ಟೇ ಸಾಕು, ಬರ್ಕೊಂಡು ಹೋಗ್ತಾರೆ."

"ನಾನು ಮಾಡದೇ ಇರೋ ತಪ್ಪನ್ನ ನಾನು ಯಾಕಮ್ಮ ಒಪ್ಕೋಬೇಕು?"

"ಅವನ ಲೈಸೆನ್ಸ್ ಕಿತ್ಕೊಂಡ್ರೆ ನಿಮ್ಮಪ್ಪನ ಬೋಟು ಕಟ್ಟೆಗೆ ಕಟ್ಟಿದಲ್ಲೇ ಕೊಳೆಯುತ್ತೆ. ನಿನ್ನ ಹತ್ರ ಲೈಸೆನ್ಸೇ ಇಲ್ಲ. ನಿನ್ನಿಂದ ಕಿತ್ಕೊಳ್ಳೋಕೆ ಏನಿದೆ?"

"ಹೆಸರಿದೆ."

"ನಿನ್ನನ್ನ ಯಾರು ಹೆಸರು ಹಿಡಿದು ಕರೀತಾರೆ?" ಎಂದಳು ಅಮ್ಮ. ಕುಹಕವಾಗಿ ಹೇಳಿದ್ದಲ್ಲ. ಅವಳಿಗೆ ಅದು ನಿಜವೆಂದೇ ಅನ್ನಿಸಿತ್ತು.

ತಮ್ಮ ಅಕ್ಕನ ಕೈ ಹಿಡಿದುಕೊಂಡ. "ಇದೊಂದು ಮುಗಿದುಹೋಗ್ಲಿ ಅಕ್ಕ. ಆಮೇಲೆ ನಾನೇ ಬಂದರಲ್ಲಿ ಎಲ್ಲರಿಗೂ ನಿಜ ಹೇಳ್ತೀನಿ. ಮೊದಲು ಹಗ್ಗದಜ್ಜನಿಗೇ ಹೇಳ್ತೀನಿ. ನಿನ್ನ ಕಾಲು ಹಿಡ್ಕೋತೀನಿ."

ಮನೆಗೆ ಬಂದು ಗಂಡನ ಹತ್ತಿರ ಎಲ್ಲವನ್ನೂ ಹೇಳಿದಳು. "ಉಪ್ಪು ತಿಂದವನು ನೀರು ಕುಡೀಬೇಕು ಅಂತಾರೆ. ನಿಮ್ಮ ಮನೇಲಿ ಉಪ್ಪು ತಿನ್ನೋಕೆ ಒಬ್ಬರು, ನೀರು ಕುಡಿಯೋಕೆ ಇನ್ನೊಬ್ಬರು," ಎಂದ ಅವನು. "ಒಪ್ಕೋಬೇಡ ಕಣೇ."

ಅವಳೂ ಒಪ್ಪಿಕೊಳ್ಳಬಾರದೆಂದೇ ಹೋದಳು. ಬಂದರು ಕಚೇರಿಯ ಕೋಣೆಯಲ್ಲಿ ಫ್ಯಾನು ಕಿರ್ ಕಿರ್ ಎನ್ನುತ್ತಿತ್ತು. ಅಧಿಕಾರಿ ವಯಸ್ಸಾದವರು, ನೆಗಡಿಯಾಗಿ ಕರವಸ್ತ್ರ ಕೈಯಲ್ಲೇ ಹಿಡಿದಿದ್ದರು.

"ಬೋಟಿನ ವೈರಿಂಗ್ ಮಾಡಿದ್ದು ನೀವೇನಮ್ಮಾ?"

"ಹೌದು ಸರ್."

"ದಿಕ್ಕಿನ ಸಂಪರ್ಕ ಕೊಟ್ಟಿದ್ದೂ ನೀವೇನಾ?"

ಅವಳು ತಮ್ಮನ ಕಡೆ ನೋಡಿದಳು. ಅವನು ಏನಾದರೂ ಹೇಳಬಹುದು ಎಂದು ಕಾದಳು. ಅವನು ಕಿಟಕಿಯಾಚೆ ನೋಡುತ್ತಿದ್ದ. ಹಿಂದಿನಿಂದ ನೋಡಿದರೆ ಅವನ ಕತ್ತು ಥೇಟ್ ಅಪ್ಪನ ಕತ್ತು, ಅದೇ ಎರಡು ಮಡಿಕೆ.

"ಹೌದು," ಎಂದಳು.

ಅಧಿಕಾರಿ ಸೀನಿದರು, ಬರೆದುಕೊಂಡರು, ಸಹಿ ಹಾಕಿಸಿಕೊಂಡರು. ಅಷ್ಟೇ. ಒಂದು ಜೀವಮಾನದ ಮರ್ಯಾದೆ ಹೋಗುವುದಕ್ಕೆ ಇನ್ನೂ ಸ್ವಲ್ಪ ಗಲಾಟೆ ಆಗಬಹುದು ಎಂದು ಅವಳು ಅಂದುಕೊಂಡಿದ್ದಳು. ಇನ್ನು ಮುಂದೆ ಬೋಟುಗಳ ವೈರಿಂಗ್ ಮಾಡುವ ಹಾಗಿಲ್ಲ ಎಂದು ಬಾಯಿಮಾತಿನಲ್ಲಿ ಎಚ್ಚರಿಸಿ ಕಳಿಸಿದರು. ಎಚ್ಚರಿಕೆ ಬೇಕಾಗಿಯೂ ಇರಲಿಲ್ಲ. "ಈ ಸಲ ಬೇಡ ಬಿಡಿ ವೈರಕ್ಕ, ಮುಂದೆ ನೋಡೋಣ" ಎಂದು ಬಂದರಿನವರೇ ಒಬ್ಬೊಬ್ಬರಾಗಿ ಜಾರಿಕೊಂಡರು. ಎದುರಿಗೆ ಬೈದವರು ಯಾರೂ ಇಲ್ಲ. ಬೈದಿದ್ದರೆ ತಿರುಗಿ ಬೈಯಲು ಅವಳಿಗೆ ಬರುತ್ತಿತ್ತು.

ಹಗ್ಗದಜ್ಜನನ್ನು ನೋಡಲು ಆಸ್ಪತ್ರೆಗೆ ಹೋದಳು. ಅವನು ಬಟ್ಟೆ ಸುತ್ತಿದ ಕೈಯನ್ನು ಎದೆಯ ಮೇಲಿಟ್ಟುಕೊಂಡು ಮಲಗಿದ್ದ.

"ನೀನು ಹೀಗೆ ಮಾಡ್ತೀಯ ಅಂತ ಅನ್ಕೊಂಡಿರಲಿಲ್ಲ," ಎಂದ. "ಕೆಲಸದಲ್ಲಿ ಯಾವತ್ತೂ ಗಡಿಬಿಡಿ ಮಾಡಿದವಳಲ್ಲ. ಏನಾಗಿತ್ತು ನಿನಗೆ?"

ನಾಲಿಗೆಯ ತುದಿಗೆ ಬಂದದ್ದನ್ನು ಅವಳು ನುಂಗಿಕೊಂಡಳು. ಅದನ್ನು ಹೇಳುವವನು ತಮ್ಮ, ಅವನೇ ಮಾತು ಕೊಟ್ಟಿದ್ದಾನೆ, ಅವನ ಬಾಯಿಂದಲೇ ಬರಲಿ. ಕಿತ್ತಳೆ ಹಣ್ಣು ಸುಲಿದು ಅಜ್ಜನ ಬಾಯಿಗಿಡಲು ಹೋದಳು. ಅವನು ಮುಖವನ್ನು ಗೋಡೆಗೆ ತಿರುಗಿಸಿದ.

ತಮ್ಮ ಇವತ್ತು ಹೇಳುತ್ತಾನೆ, ನಾಳೆ ಹೇಳುತ್ತಾನೆ. ಮೊದಮೊದಲು ಎದುರಿಗೆ ಸಿಕ್ಕಾಗ ಅವನು ತಲೆ ತಗ್ಗಿಸುತ್ತಿದ್ದ, "ಸ್ವಲ್ಪ ತಡಿ ಅಕ್ಕ" ಎನ್ನುತ್ತಿದ್ದ. ಬರಬರುತ್ತಾ ತಲೆ ತಗ್ಗಿಸುವುದು ನಿಂತಿತು. ಆಮೇಲೆ ಅವನೇ ಒಂಥರಾ ದೊಡ್ಡ ಮನಸ್ಸು ಮಾಡಿದವನ ಹಾಗೆ ಅವಳನ್ನು ಮಾತಾಡಿಸತೊಡಗಿದ. ಇದೇನೆಂದು ಆಗ ಅವಳಿಗೆ ತಿಳಿಯಲಿಲ್ಲ.

ತಿಳಿದದ್ದು ಯಾರ್ಡಿನಲ್ಲಿ. ಬೋಟು ರಿಪೇರಿಗೆಂದು ಅಲ್ಲಿ ದಿಮ್ಮಿಗಳ ಮೇಲೆ ಕೂತಿತ್ತು. ಒಡೆದ ಪಕ್ಕವನ್ನು ಅವಳ ಗಂಡನೇ ಬೆಸೆದಿದ್ದ. ಒಂದು ಮಧ್ಯಾಹ್ನ ಗಂಡನಿಗೆ ಬುತ್ತಿ ತಂದವಳು, ಅವನನ್ನು ಹುಡುಕುತ್ತಾ ಆ ಬೋಟಿನ ಹೊಟ್ಟೆಯ ಕೆಳಗೆ, ಪ್ರೊಪೆಲ್ಲರಿನ ಪಕ್ಕ ನಿಂತಿದ್ದಳು. ಮೇಲೆ ತಮ್ಮ ಯಾರೋ ಹೊಸ ವೈರಿಂಗ್ ಮಿಸ್ತ್ರಿಯ ಜೊತೆ ಮಾತಾಡುತ್ತಿದ್ದ. ಬೇರೆ ಬಂದರಿನಿಂದ ಕರೆಸಿದವನು.

"ಅಕ್ಕ ಮುಟ್ಟಿದ್ದನ್ನೆಲ್ಲ ಕಿತ್ತು ಹೊಸದಾಗಿ ಎಳೀರಿ," ಎನ್ನುತ್ತಿದ್ದ ತಮ್ಮ. "ಒಡಹುಟ್ಟಿದವಳು ಅಂತ ನಂಬಿ ಕೊಟ್ಟೆ. ಪಾಪ, ಒಂದು ಮುದುಕನ ಕೈ ಹೋಯ್ತು. ನಾನು ಆವತ್ತೇ ಹೇಳಿದ್ದೆ, ದಿಕ್ಕಿನದು ಮುಟ್ಟಬೇಡ ಅಂತ. ಕೇಳಲಿಲ್ಲ."

ಅವಳದೇ ಮಾತು, ಈಗ ಅವನ ಬಾಯಲ್ಲಿ. ಬುತ್ತಿಯನ್ನು ದಿಮ್ಮಿಯ ಮೇಲಿಟ್ಟು ಅವಳು ನೇರವಾಗಿ ಹಗ್ಗದಜ್ಜನ ಮನೆಗೆ ನಡೆದಳು.

ಐಸ್ ಫ್ಯಾಕ್ಟರಿಯ ಹಿಂದೆ ಅವನದು ಒಂದೇ ಕೋಣೆ. ಮಂಚದ ಮೇಲೆ ಕೂತು, ಎಡಗೈ ಮತ್ತು ಹಲ್ಲಿನಿಂದ ಹಗ್ಗಕ್ಕೆ ಗಂಟು ಹಾಕಲು ನೋಡುತ್ತಿದ್ದ. ಅವಳು ನಿಂತಲ್ಲೇ ಎಲ್ಲವನ್ನೂ ಹೇಳಿದಳು: ಭಾವಮೈದ, ಫೋನು, ಅಮ್ಮನ ಅಡುಗೆಮನೆ, ಕಚೇರಿಯ ಪ್ರಶ್ನೆ. ಅವನು ಹಗ್ಗವನ್ನು ಬಾಯಿಂದ ತೆಗೆದು ಕೇಳಿಸಿಕೊಂಡ.

"ಆವತ್ತು ಹೌದು ಅಂದವಳೂ ನೀನೇ, ಇವತ್ತು ಅಲ್ಲ ಅನ್ನೋಳೂ ನೀನೇ," ಎಂದ. "ಯಾವುದನ್ನ ನಂಬಲಿ?"

"ಇವತ್ತಿಂದು ನಿಜ ಅಜ್ಜ."

"ನಿಜ ಆಗಿದ್ರೆ ಇನ್ನೂ ಕೆಟ್ಟದ್ದು. ಕೈ ಕಳ್ಕೊಂಡವನು ನಾನು. ಯಾರಿಂದ ಹೋಯ್ತು ಅಂತ ನನಗಾದ್ರೂ ಗೊತ್ತಾಗ್ಬೇಕಿತ್ತು. ಅದನ್ನೂ ನೀವು ಅಕ್ಕ ತಮ್ಮ ಮನೇಲೇ ಕೂತು ಹಂಚ್ಕೊಂಡ್ರಿ. ಆಸ್ಪತ್ರೆಗೆ ಬಂದು ಹಣ್ಣು ಸುಲೀತಾ ಕೂತಿದ್ದೆಯಲ್ಲ, ಆವಾಗ ಬಾಯಿರಲಿಲ್ವಾ ನಿನಗೆ?"

ಅಜ್ಜ ಮತ್ತೆ ಹಗ್ಗವನ್ನು ಹಲ್ಲಿಗೆ ಕೊಟ್ಟುಕೊಂಡ. ಅವಳು ಹೊರಗೆ ಬಂದಳು. ಇನ್ನು ತಾನು ಯಾರ ಹತ್ತಿರ ನಿಜ ಹೇಳಿದರೂ ಇದೇ ಕತೆ ಎಂದು ಅವಳಿಗೆ ಗೊತ್ತಾಯಿತು. ಸುಳ್ಳನ್ನು ಸಹಿ ಹಾಕಿ ಕೊಟ್ಟಾಗಿತ್ತು. ತಮ್ಮನನ್ನು ಬಿಟ್ಟರೆ ನಿಜಕ್ಕೆ ಸಾಕ್ಷಿ ಹೇಳಬೇಕಾದವರು ಇಬ್ಬರು. ಒಬ್ಬಳು ಅಮ್ಮ, ಹೆತ್ತವರಿಗೆ ಹೆಗ್ಗಣ ಮುದ್ದು. ಇನ್ನೊಬ್ಬ ಭಾವಮೈದ, ಪಾಲು ಬಿಟ್ಟು ಬೇರೆಲ್ಲೋ ಹೋಗಿ ಅಂಗಡಿ ಇಟ್ಟಿದ್ದ.

ವೈರಕ್ಕ ಬಂದರಿನಿಂದ ದೂರದ ಓಣಿಯಲ್ಲಿ, ಟೈಲರ್ ಅಂಗಡಿಯ ಪಕ್ಕ, ಮಿಕ್ಸಿ, ಫ್ಯಾನು, ಇಸ್ತ್ರಿ ಪೆಟ್ಟಿಗೆ ರಿಪೇರಿಗೆ ಕೂತಳು. ಅಲ್ಲಿಯವರಿಗೆ ಅವಳು ಬರೀ ಮಿಕ್ಸಿ ಅಕ್ಕ. ಬೈಗುಳ ಕಡಿಮೆಯಾಯಿತು. ಅದನ್ನು ಕಂಡು ಗಂಡನಿಗೇ ಗಾಬರಿ. "ಒಂದೆರಡು ಬೈಯೇ, ಮನೆ ಬಿಕೋ ಅನ್ನುತ್ತೆ," ಎನ್ನುತ್ತಿದ್ದ. ಅಮ್ಮನನ್ನು ನೋಡಲು ಹೋಗುವುದನ್ನು ಅವಳು ಬಿಡಲಿಲ್ಲ. ಹೋಗುತ್ತಿದ್ದಳು, ಅಮ್ಮನ ತಲೆ ಬಾಚುತ್ತಿದ್ದಳು, ಆ ಮಾತು ಇಬ್ಬರೂ ಎತ್ತುತ್ತಿರಲಿಲ್ಲ. ಅಮ್ಮ ಸಾಯುವಾಗಲೂ ಎತ್ತಲಿಲ್ಲ. ತಮ್ಮನನ್ನು ಹತ್ತಿರ ಕರೆದು, "ಅಕ್ಕನ್ನ ನೋಡ್ಕೋ" ಎಂದು ಹೇಳಿ ಕಣ್ಣು ಮುಚ್ಚಿದಳು.

ಅದಾಗಿ ಬಹಳ ಕಾಲದ ಮೇಲೆ ತಮ್ಮ ಅಂಗಡಿಗೆ ಬಂದ. ಕೂದಲು ನರೆತಿತ್ತು. ಚೀಲದಿಂದ ಒಂದು ಕನ್ವರ್ಟರ್ ಪೆಟ್ಟಿಗೆಯನ್ನೂ ಅಪ್ಪನ ಆಳದ ಯಂತ್ರವನ್ನೂ ತೆಗೆದು ಬೆಂಚಿನ ಮೇಲಿಟ್ಟ. ಆ ಹೊಸ ಮಿಸ್ತ್ರಿಯೂ ಪೆಟ್ಟಿಗೆ ಮಾತ್ರ ಹೊಸದು ಹಾಕಿ, ಹಳೆಯ ಯಂತ್ರವನ್ನು ಕೀಳದೆ ಹಾಗೇ ಬಿಟ್ಟಿದ್ದನಂತೆ. ಈಗ ಇದ್ದಕ್ಕಿದ್ದಂತೆ ಸ್ಕ್ರೀನಿನಲ್ಲಿ ಆಳ ಮಾಯವಾಗುತ್ತದೆ, ಇಲ್ಲವೇ ಏನೇನೋ ತೋರಿಸುತ್ತದೆ. ಯಾರಿಂದಲೂ ಸರಿಮಾಡಲಾಗಲಿಲ್ಲ.

"ನಿನ್ನ ಬಿಟ್ರೆ ಯಾರಿಗೂ ಬರಲ್ಲ ಅಕ್ಕ," ಎಂದ.

ಅವಳು ಪೆಟ್ಟಿಗೆಯನ್ನು ಮುಟ್ಟಲಿಲ್ಲ. "ಮೊದಲು ಹಗ್ಗದಜ್ಜನ ಹತ್ರ ಹೋಗಿ ಆ ಮಾತು ಹೇಳಿ ಬಾ. ಆಮೇಲೆ ನೋಡ್ತೀನಿ."

"ಯಾವ ಮಾತು?"

ನಾಟಕ ಇರಬಹುದೆಂದು ಅವಳು ಅವನ ಮುಖವನ್ನೇ ನೋಡಿದಳು. ಎಳೆಯದರಲ್ಲಿ ಸುಳ್ಳು ಹೇಳಿದರೆ ಅವನ ಕಿವಿ ಕೆಂಪಾಗುತ್ತಿತ್ತು. ಈಗ ಕಿವಿ ಕೆಂಪಾಗಿರಲಿಲ್ಲ.

"ದಿಕ್ಕು ಆನ್ ಮಾಡಿದ್ದು ಯಾರು ಅನ್ನೋ ಮಾತು."

ತಮ್ಮನ ಮುಖ ಮೃದುವಾಯಿತು. ಬೆಂಚಿನಾಚೆಯಿಂದ ಕೈ ಚಾಚಿ ಅವಳ ಭುಜ ಮುಟ್ಟಿದ. "ಅಕ್ಕ, ಇನ್ನೂ ಅದನ್ನೇ ಮನಸ್ಸಿಗೆ ಹಚ್ಕೊಂಡಿದ್ದೀಯಾ? ಯಾರ ಕೈಯಿಂದಾದ್ರೂ ತಪ್ಪು ಆಗುತ್ತೆ. ನಾನು ನಿನ್ನನ್ನ ಯಾವತ್ತೋ ಕ್ಷಮಿಸಿಬಿಟ್ಟೆ. ಅಮ್ಮನ ಆಣೆ."

ಅವಳಿಗೆ ಕೂಗಾಡಬೇಕು ಅನ್ನಿಸಲಿಲ್ಲ. ಕೂಗಾಡಿದರೆ ಕೇಳಿಸಿಕೊಳ್ಳುವವನು ಎದುರಿಗೆ ಇರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ಅತ್ತ ಹುಡುಗ ಎಲ್ಲೋ ಹೋಗಿಬಿಟ್ಟಿದ್ದ. ಇವನು ಬೇರೆಯವನು, ಅಕ್ಕನ ತಪ್ಪನ್ನು ಹೊಟ್ಟೆಗೆ ಹಾಕಿಕೊಂಡು ಬಾಳಿದ ಒಳ್ಳೆಯ ತಮ್ಮ.

ಅವಳು ಕನ್ನಡಕ ಹಾಕಿಕೊಂಡು ಪೆಟ್ಟಿಗೆ ಬಿಚ್ಚಿದಳು. ಒಂದು ತಂತಿಯ ತುದಿ ಹಸಿರು ಕಿಲುಬು ಹಿಡಿದು ಸ್ಕ್ರೂವಿನ ಕೆಳಗೆ ಸಡಿಲವಾಗಿತ್ತು. ಕೆರೆದು, ಹೊಸದಾಗಿ ಬೆಸೆದು, ಬಿಗಿ ಮಾಡಿ, ಎರಡನ್ನೂ ಜೋಡಿಸಿ ಪರೀಕ್ಷೆ ಮಾಡಿ ಅವನ ಕಡೆ ದೂಡಿದಳು. ತಮ್ಮನಿಗೆ ಕಣ್ಣಲ್ಲಿ ನೀರು ಬಂತು. ಅಕ್ಕ ತಮ್ಮ ಒಂದಾದೆವು ಎಂದು ಬಂದರಿನಲ್ಲೆಲ್ಲ ಹೇಳಿಕೊಂಡು ಬಂದನಂತೆ. ಅವನ ದೊಡ್ಡತನವನ್ನು ಜನ ಮೆಚ್ಚಿದರಂತೆ.

"ಯಾಕೆ ಮಾಡಿಕೊಟ್ಟೆ?" ಎಂದು ಗಂಡ ಕೇಳಿದ.

"ಆಳ ತಪ್ಪು ತೋರಿಸಿದ್ರೆ ಇನ್ನೊಬ್ಬರ ಕೈಯೋ ಕಾಲೋ ಹೋಗುತ್ತೆ ಕಣ್ರೀ."

"ಹೋಗದೇ ಇದ್ರೆ ಅವನ ಪುಣ್ಯ, ಹೋದ್ರೆ ನಿನ್ನ ವೈರಿಂಗು," ಎಂದ ಅವನು.

ಹಗ್ಗದಜ್ಜ ಆ ಓಣಿಯಲ್ಲಿ ಒಮ್ಮೊಮ್ಮೆ ಕಾಣಿಸುತ್ತಿದ್ದ, ಖಾಲಿ ತೋಳನ್ನು ಜೇಬಿಗೆ ತುರುಕಿಕೊಂಡು. ಅಂಗಡಿಯ ಮುಂದೆ ಬಂದಾಗ ನಿಲ್ಲುತ್ತಲೂ ಇರಲಿಲ್ಲ, ನಡಿಗೆ ಜೋರು ಮಾಡುತ್ತಲೂ ಇರಲಿಲ್ಲ. ವೈರಕ್ಕ ಕೈಯಲ್ಲಿದ್ದ ಕೆಲಸ ಬಿಟ್ಟು, ಅವನು ಓಣಿ ತಿರುಗುವವರೆಗೂ ನೋಡುತ್ತಿದ್ದಳು. ಅವನು ಸತ್ತ ಸುದ್ದಿ ಅವಳಿಗೆ ಪಕ್ಕದ ಟೈಲರ್ ಹೇಳಿದ, ಎಲ್ಲ ಮುಗಿದ ಮೇಲೆ. ಮುಂದೆ ನಿಂತು ಎಲ್ಲ ಕೆಲಸವನ್ನೂ ಮಾಡಿಸಿದ್ದು ತಮ್ಮನೇ ಎಂದೂ, ಬಂದರಿನಲ್ಲಿ ಅಂಥ ಯಜಮಾನ ಇನ್ನೊಬ್ಬನಿಲ್ಲ ಎಂದೂ ಹೇಳಿದ. ಅವಳು ಹೌದೆಂದೂ ಅನ್ನಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ.